ಯಮೀನಾಳ ಸಾಕ್ಷಿ

ಬಸ್ಸು ಹತ್ತಿದ ಕೂಡಲೇ ಯಮೀನಾ ತನ್ನ ಉಬ್ಬಿದ ಚೀಲವನ್ನು ಕಿಟಕಿಯ ಪಕ್ಕದ ಸೀಟಿನ ಮೇಲೆ ಎಸೆದಳು. ಅಲ್ಲಿ ಕೂರಲು ಬಂದ ಗಂಡಸೊಬ್ಬನನ್ನು ಬರೀ ನೋಟದಲ್ಲೇ ಹಿಂದಕ್ಕೆ ಕಳಿಸಿ, "ಬಾರೇ ಇಲ್ಲಿ, ಗಾಳಿ ಇಲ್ದಿದ್ರೆ ನಿಂಗೆ ತಲೆ ತಿರುಗುತ್ತೆ" ಎಂದಳು. ರೋಸ್ವಿತಾ ಕೂತಳು. ಕೂರುತ್ತಲೇ ಅವಳ ಬಾಯಿಂದ "ತುಂಬಾ ಉಪಕಾರವಾಯ್ತು" ಎಂಬ ಮಾತು ಜಾರಿಬಿಟ್ಟಿತು. ಯಮೀನಾಳ ಮುಖ ಹುಳಿ ಕಚ್ಚಿದಂತಾಯಿತು. "ಯಾರಿಗೆ ಹೇಳ್ದೆ? ಡ್ರೈವರಿಗಾ?" ಎಂದು ಅವಳು ಆಚೆ ತಿರುಗಿಕೊಂಡಳು. ರೋಸ್ವಿತಾಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮದುವೆಯಾಗಿ, ಅರೇಬಿಕ್ ಮಾತಾಡುವ ಈ ಬಂದರಿನ ಊರು ಅನ್ನಾಬಾಕ್ಕೆ ಬಂದು ಇಪ್ಪತ್ತೈದು ವರ್ಷವಾಗಿದೆ. ಗೋಧಿ ರವೆಯಿಂದ ಕುಸ್‌ಕುಸ್ ಹೊಸೆಯುವುದು, ನೀರು ಬರುವ ಹೊತ್ತಿಗೆ ಬಕೆಟ್ಟು ಇಡುವುದು, ಮೀನಿನವನ ಹತ್ತಿರ ಚೌಕಾಸಿ ಮಾಡುವುದು, ಸತ್ತ ಮನೆಯಲ್ಲಿ ಯಾವ ಮೂಲೆಯಲ್ಲಿ ಕೂರಬೇಕೆಂಬುದು ಎಲ್ಲವನ್ನೂ ಕಲಿತಿದ್ದಾಳೆ. ಇದೊಂದು ಮಾತ್ರ ಬಂದಿಲ್ಲ. ಜರ್ಮನಿಯ ರೀಸಾದಲ್ಲಿ ಅಮ್ಮ ಒಂದು ಚೂರು ಬ್ರೆಡ್ಡಿಗೂ ಉಪಕಾರ ಹೇಳಿಸಿ ಬೆಳೆಸಿದ್ದಳು. ಹೇಳದಿದ್ದರೆ ತಟ್ಟೆಯನ್ನು ಅರ್ಧದಲ್ಲೇ ತಡೆದು ಹಿಡಿಯುತ್ತಿದ್ದಳು. ಇಲ್ಲಿ ಆ ಮಾತು ಹೊರಗಿನವರಿಗೆ, ದಾರಿ ತೋರಿಸಿದವನಿಗೆ, ಚಿಲ್ಲರೆ ಕೊಟ್ಟವನಿಗೆ. ಮನೆಯವರಿಗೆ ಹೇಳಿದರೆ ಅವರನ್ನು ಹೊಸಿಲಾಚೆ ನಿಲ್ಲಿಸಿದ ಹಾಗೆ. ಹಾಗಾದರೆ ಒಳಗೆ ಇಷ್ಟು ದೊಡ್ಡದಾಗಿ ಕೂತಿರುವುದನ್ನು ಏನು ಮಾಡುವುದು? ಏಳೆಂಟು ವರ್ಷದಿಂದ ಅದು ಗಂಟಲಲ್ಲೇ ಇದೆ. ಬಸ್ಸು ಬೆಟ್ಟದ ತಿರುವು ಇಳಿಯಿತು, ಎಡಗಡೆ ಸಮುದ್ರ ಕಂಡಿತು. ಯಮೀನಾ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತೆಗೆದು, ಮಾತಿಲ್ಲದೆ ಅರ್ಧ ಮುರಿದು, ಅವಳ ತೊಡೆಯ ಮೇಲಿಟ್ಟಳು. ರೋಸ್ವಿತಾ ಈ ಸಲ ಬಾಯಿ ಮುಚ್ಚಿಕೊಂಡು ತಿಂದಳು.

ಇವತ್ತಿನದು ಹತ್ತು ನಿಮಿಷದ ಕೆಲಸ ಎಂದು ನ್ಯಾಯಾಲಯದ ಕಚೇರಿಯಿಂದ ಹೇಳಿದ್ದರು. ಅವಳಿಗೆ ಈ ದೇಶದ ಪೌರತ್ವ ಕೊಡಬೇಕೆಂಬ ಆದೇಶ ರಾಜಧಾನಿಯಿಂದ ಬಂದಾಗಿತ್ತು. ಕೈಗೆ ಕಾಗದ ಬರುವುದಷ್ಟೇ ಬಾಕಿ, ಆದರೆ ಅದಕ್ಕೊಂದು ತೊಡಕು. ತೊಡಕು ಹುಟ್ಟಿದ್ದು ವಿಚಾರಣೆಗೆ ಬಂದ ಪೊಲೀಸಿನವನಿಂದ. ಅವನು ಮಫ್ತಿಯಲ್ಲಿ ಬಂದು, ಬೀದಿಯ ತುದಿಯ ರೊಟ್ಟಿ ಅಂಗಡಿಯ ಅಮ್ಮಾರನ ಹತ್ತಿರ, "ರೋಸ್ವಿತಾ ಅನ್ನೋ ಜರ್ಮನ್ ಹೆಂಗಸು ಎಲ್ಲಿರೋದು?" ಎಂದು ಕೇಳಿದ್ದ. ಅಮ್ಮಾರ ತಲೆಯನ್ನೂ ಎತ್ತದೆ, "ಅಂಥವರು ಇಲ್ಲಿ ಯಾರೂ ಇಲ್ಲ" ಎಂದಿದ್ದ. ಕೆಳಗಿನ ಮನೆಯ ಹುಡುಗಿಯರೂ ಹಾಗೇ ಹೇಳಿದರು. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇದ್ಲು, ಯಾವತ್ತೋ ಬಿಟ್ಟು ಹೋದ್ಲು, ಹೋಗಿದ್ದೇ ಒಳ್ಳೇದಾಯ್ತು" ಎಂದರು. ಪರದೇಶದವರಿಗೆ ಜೀವಭಯವಿದ್ದ ಆ ವರ್ಷಗಳು ಮುಗಿದು ಎಷ್ಟೋ ಕಾಲವಾಗಿತ್ತು, ಆದರೂ ಬೀದಿಯ ನಾಲಿಗೆಗೆ ಅಭ್ಯಾಸ ಹೋಗಿರಲಿಲ್ಲ. ಕೊನೆಗೆ ರೋಸ್ವಿತಾಳೇ ಮೆಟ್ಟಿಲಿಳಿದು ಬಂದು, "ನಾನೇ ಅವಳು" ಎಂದಾಗ ಅವನು ಅವಳನ್ನೂ, ಪಕ್ಕದಲ್ಲಿ "ಏ ಝೊಹ್ರಾ, ಒಳಗೆ ಹೋಗು" ಎಂದು ಕಣ್ಣು ಬಿಡುತ್ತಿದ್ದ ಯಮೀನಾಳನ್ನೂ ನೋಡಿ ತಲೆ ಕೆರೆದುಕೊಂಡ. ವರದಿಯಲ್ಲಿ ಏನು ಬರೆದನೋ, ಈಗ ಕಚೇರಿಯವರು ಕೇಳುತ್ತಿರುವುದು ಇಷ್ಟು: ಕಾಗದದಲ್ಲಿರುವ ರೋಸ್ವಿತಾಳೂ ಬೀದಿಗೆ ಗೊತ್ತಿರುವ ಝೊಹ್ರಾಳೂ ಒಬ್ಬಳೇ ಎಂದು, ಬಹಳ ಕಾಲದಿಂದ ಬಲ್ಲವರೊಬ್ಬರು, ಬಂಧುವಲ್ಲದವರು, ಬಂದು ಸಾಕ್ಷಿ ಹೇಳಬೇಕು. "ನಾನಲ್ದೆ ಇನ್ಯಾರು ಬರ್ತಾರೆ?" ಎಂದು ಯಮೀನಾ ಹಬ್ಬದ ಉಡುಪು ಹಾಕಿ, ಮಂಡಿಗೆ ಎಣ್ಣೆ ಸವರಿಕೊಂಡು ಬೆಳಿಗ್ಗೆಯೇ ಬಾಗಿಲು ಬಡಿದಿದ್ದಳು.

ಬಾಗಿಲು ಬಡಿಯುವುದು. ಇದೇ ಯಮೀನಾ ಆರು ವರ್ಷ ಈ ಬಾಗಿಲ ಕಡೆ ನೋಡಿರಲಿಲ್ಲ. ತಪ್ಪು ರೋಸ್ವಿತಾಳದೇ, ಅದರಲ್ಲಿ ಮಾತಿಲ್ಲ. ಗಂಡ ಲಖ್ದರ್ ಬದುಕಿದ್ದಾಗಿನ ಕಾಲ. ಹಬ್ಬಕ್ಕೆಂದು ಯಮೀನಾ ತಂದು ಬಾಲ್ಕನಿಯಲ್ಲಿ ಕಟ್ಟಿದ್ದ ಕುರಿ ಹಗಲೂ ರಾತ್ರಿ ಅರಚಿತು. ಮೇಲಿನ ಮನೆಯಲ್ಲಿ ರೋಸ್ವಿತಾ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿ ಸೋತು, ಕೊನೆಗೆ ನಗರಸಭೆಗೆ ಒಂದು ದೂರು ಬರೆದಳು. ದುಂಡಗಿನ ಅಕ್ಷರದಲ್ಲಿ, ನೈರ್ಮಲ್ಯ ಎಂಬ ಪದವನ್ನು ಎರಡು ಸಲ ಬಳಸಿ. ಬಂದವರು ಕುರಿಯನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಅಂಗಳಕ್ಕೆ ಒಯ್ದರು, ಯಮೀನಾಳ ಮಕ್ಕಳು ಹಿಂದೆಯೇ ಅಳುತ್ತ ಹೋದವು. ಯಮೀನಾ ಮೆಟ್ಟಿಲ ನಡುವೆ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ, "ಕಾಗದ ಬರೆದ್ಯಾ? ಒಂದು ಸಲ ಬಂದು ಬಾಗಿಲು ತಟ್ಟಿ, ಯಮೀನಾ ನಿದ್ದೆ ಬರ್ತಿಲ್ಲ ಕಣೇ ಅನ್ನೋಕೆ ಬಾಯಿ ಬಿದ್ದುಹೋಗಿತ್ತಾ? ಕಾಗದ ಬರೆದ್ಯಾ!" ಎಂದಳು. ಲಖ್ದರ್ ಆ ರಾತ್ರಿ ಊಟ ಮಾಡಲಿಲ್ಲ. ಬೈಯಲೂ ಇಲ್ಲ. ರೀಸಾದ ಉಕ್ಕಿನ ಕಾರ್ಖಾನೆಗೆ ಕೆಲಸ ಕಲಿಯಲು ಬಂದ ತೆಳ್ಳಗಿನ ಹುಡುಗನಾಗಿದ್ದಾಗಲೂ ಅವನು ಹೀಗೆಯೇ; ನೊಂದರೆ ತಟ್ಟೆಯನ್ನು ಸುಮ್ಮನೆ ಪಕ್ಕಕ್ಕೆ ಸರಿಸುತ್ತಿದ್ದ. ಮುಂದೆ ಒಂದು ವಸಂತದಲ್ಲಿ ಅವನು ಹೃದಯ ನಿಂತು ಹೋದಾಗ, ಮೂರು ದಿನ ಬಾಗಿಲ ಹೊರಗೆ ಒಂದು ಪಾತ್ರೆ ತುಂಬ ಬಿಸಿ ಸಾರು ಬಂದು ಕೂರುತ್ತಿತ್ತು, ತಂದವರು ಕಾಣುತ್ತಿರಲಿಲ್ಲ. ಪಾತ್ರೆ ಯಾರದೆಂದು ಅವಳಿಗೆ ಗೊತ್ತಿತ್ತು. ಉಜ್ಜಿ ಫಳಫಳ ಹೊಳೆಯಿಸಿ ಕೆಳಗಿನ ಬಾಗಿಲ ಮುಂದಿಟ್ಟು ಬಂದಳು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವಳಿಗೆ ತಿಳಿದದ್ದು ಎಷ್ಟೋ ಆಮೇಲೆ. ತಿಳಿದ ದಿನ, ತಾನು ಕೆಲಸಕ್ಕಿದ್ದ ಔಷಧಿ ಅಂಗಡಿಯ ಕೌಂಟರಿನ ಹಿಂದೆ, ಯಾರಿಗೋ ಮಾತ್ರೆ ಕೊಡುತ್ತ, ಅವಳಿಗೆ ಕಿವಿಯವರೆಗೂ ಬಿಸಿ ಏರಿತ್ತು.

ನ್ಯಾಯಾಲಯದ ಕಾರಿಡಾರಿನಲ್ಲಿ ಆಗಲೇ ಸಾಲು ಗೋಡೆಯುದ್ದಕ್ಕೂ ಹಬ್ಬಿತ್ತು. ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ಯಮೀನಾ ಕೂತಳು, ಕೂತವಳು ಪಕ್ಕದವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸತೊಡಗಿದಳು. ಎಲ್ಲರೂ ಬಂದಿದ್ದದ್ದು ಒಂದೇ ಕಾಗದಕ್ಕೆ, ತಾವು ಈ ದೇಶದ ಪ್ರಜೆಗಳೆಂಬ ಪ್ರಮಾಣಪತ್ರಕ್ಕೆ. ಅದಿಲ್ಲದೆ ಯಾವ ದೇಶದವರೂ ವೀಸಾ ಅರ್ಜಿ ಮುಟ್ಟುವುದಿಲ್ಲ. ಒಬ್ಬ ಫ್ರಾನ್ಸಿಗೆ, ಇನ್ನೊಬ್ಬ ಕೆನಡಾಕ್ಕೆ. ಮೀಸೆಯ ಗಂಡಸೊಬ್ಬ ಸಿಕ್ಕಿದ ಕಡೆಗೆ. "ನೀವು ಯಾವ ಕಡೆಗೆ ಚಿಕ್ಕಮ್ಮ?" ಎಂದು ಅವನು ರೋಸ್ವಿತಾಳನ್ನು ಕೇಳಿದ. "ಎಲ್ಲಿಗೂ ಇಲ್ಲ. ನಾನು ಜರ್ಮನಿಯವಳು. ಇಲ್ಲೇ ಇರೋಕೆ" ಎಂದಳು. ಅವನು ಸಾಲಿನ ಕಡೆ ತಿರುಗಿ, "ಅಯ್ಯೋ, ಕೇಳಿದ್ರೇನ್ರಪ್ಪಾ, ನಾವೆಲ್ಲ ಬಾಗಿಲು ಒದ್ದು ಆಚೆ ಓಡೋಕೆ ನಿಂತಿದ್ದೀವಿ, ಈ ತಾಯಿ ಒಳಗೆ ಬರೋಕೆ ನಿಂತಿದ್ದಾರೆ! ಚಿಕ್ಕಮ್ಮ, ಅದಲು ಬದಲು ಮಾಡ್ಕೊಳ್ಳೋಣ, ನಿಮ್ಮ ಪಾಸ್‌ಪೋರ್ಟ್ ಇಲ್ಲಿ ಕೊಡಿ, ನನ್ನ ಅತ್ತೇನೂ ಸೇರಿಸಿ ಕೊಟ್ಬಿಡ್ತೀನಿ" ಎಂದ. ಇಡೀ ಕಾರಿಡಾರು ನಕ್ಕಿತು. ರೋಸ್ವಿತಾಳೂ ನಕ್ಕಳು, ಆದರೆ ಪ್ರಶ್ನೆ ಒಳಗೆ ಉಳಿಯಿತು. ಅಕ್ಕ ಬೇರ್ಬೆಲ್ ಫೋನಿನಲ್ಲಿ ಕೇಳುತ್ತಿದ್ದುದೂ ಅದನ್ನೇ: "ಗಂಡ ಹೋದ, ಮಕ್ಕಳಿಲ್ಲ, ಅಲ್ಲಿ ನಿಂಗೆ ಯಾರಿದ್ದಾರೆ?" ಅವಳು ಬಿಟ್ಟುಬಂದ ಪೂರ್ವದ ಜರ್ಮನಿ ಈಗ ನಕಾಶೆಯಲ್ಲೂ ಇರಲಿಲ್ಲ. ಒಂದು ಶರತ್ಕಾಲದಲ್ಲಿ ಅದು ಪಕ್ಕದ ದೇಶದೊಳಗೆ ಸೇರಿ ಮಾಯವಾಯಿತು, ಅವಳ ಪಾಸ್‌ಪೋರ್ಟಿನ ನೀಲಿ ರಟ್ಟಿನ ಮೇಲೆ ಮಾತ್ರ ಅದರ ಹೆಸರು ಉಳಿದಿತ್ತು. ಹೊಸ ದೇಶ ಅವಳನ್ನೂ ತನ್ನವಳೆಂದಿತು, ಅವಳನ್ನು ಕೇಳದೆಯೇ. ಅದಕ್ಕೋ ಏನೋ, ಒಂದು ದೇಶವನ್ನಾದರೂ ಬಾಯಿಬಿಟ್ಟು ಕೇಳಿ ಪಡೆಯಬೇಕೆಂದು ಅವಳಿಗೆ ಆಸೆಯಾದದ್ದು. ಅಥವಾ ಇದೆಲ್ಲ ತನಗೆ ತಾನೇ ಹೇಳಿಕೊಳ್ಳುವ ಸಬೂಬು, ನಿಜವಾಗಿ ತಾನು ಮಾಡಹೊರಟಿರುವುದು ಒಬ್ಬ ಹೆಂಗಸಿಗೆ ಹೇಳಲಾರದ ಉಪಕಾರವನ್ನು ಇಡೀ ಸರ್ಕಾರದ ಮೂಲಕ ಹೇಳುವ ಹುಚ್ಚು ಕೆಲಸವೇ ಎಂದು ಅನುಮಾನವಾಯಿತು. ಮತ್ತೆ ಕಾಗದ. ತನಗೆ ಬಾಗಿಲು ತಟ್ಟುವುದು ಯಾವತ್ತು ಬರುತ್ತದೆ?

ಏಳೆಂಟು ವರ್ಷದ ಹಿಂದಿನ ಆ ಮಧ್ಯಾಹ್ನ ರೋಸ್ವಿತಾ ಈರುಳ್ಳಿಯ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಬಂದೂಕಿನವರು ಪರದೇಶದವರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ. ಅಷ್ಟರಲ್ಲಿ ಅಂಥವರೆಲ್ಲ ಊರು ಬಿಟ್ಟು ಹೋಗಿಯಾಗಿತ್ತು, ಹೋಗದವರಿಗೆ ಏನಾಯಿತೆಂದು ಜನ ಪಿಸುಮಾತಿನಲ್ಲಿ ಹೇಳುತ್ತಿದ್ದರು. ಅವಳೂ ಪೆಟ್ಟಿಗೆ ಕಟ್ಟಿಟ್ಟಿದ್ದಳು. ನಾಳೆ ನಾಡಿದ್ದು ಎಂದು ದಿನ ಹೋಗುತ್ತಿತ್ತು. ತಲೆಗೆ ಲಖ್ದರನ ಅಮ್ಮನ ಹಳೆಯ ಬಿಳಿ ಹೊದಿಕೆ ಎಳೆದುಕೊಂಡಿದ್ದಳು. ಮೂರನೇ ಮಹಡಿಯ ತಿರುವಿನಲ್ಲಿ ಮೂವರು ಗಂಡಸರು ನಿಂತಿದ್ದರು, ಗುರುತಿಲ್ಲದ ಮುಖಗಳು. ಯಮೀನಾ ತನ್ನ ತೆರೆದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಹಿತ್ತಾಳೆ ಒರಳಿನಲ್ಲಿ ಬೆಳ್ಳುಳ್ಳಿ ಕುಟ್ಟುತ್ತಿದ್ದಳು. "ಇಲ್ಲೊಬ್ಬ ಪರದೇಶದ ಹೆಂಗಸು ಇದ್ದಾಳಂತಲ್ಲ, ಯಾವ ಮನೆ?" ಎಂದು ಅವರಲ್ಲೊಬ್ಬ ಸಾವಧಾನವಾಗಿ ಕೇಳುತ್ತಿದ್ದ. ರೋಸ್ವಿತಾಗೆ ಕಾಲು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಯಮೀನಾ ಕತ್ತೆತ್ತಿ ಅವಳನ್ನು ನೋಡಿದಳು, ಆರು ವರ್ಷದಲ್ಲಿ ಮೊದಲ ಸಲ. "ಏ ಝೊಹ್ರಾ! ಎಲ್ಲಿ ಹಾಳಾಗಿ ಹೋಗಿದ್ಯೇ? ಎರಡು ಈರುಳ್ಳಿ ತರೋಕೆ ಇಷ್ಟು ಹೊತ್ತಾ?" ಎಂದು ಎದ್ದು ಬಂದವಳೇ ಅವಳ ತಲೆಗೊಂದು ಮೊಟಕಿ, ರಟ್ಟೆ ಹಿಡಿದು ಒಳಕ್ಕೆ ತಳ್ಳಿದಳು. "ನನ್ನ ತಂಗಿ, ಬೆಟ್ಟದ ಊರಿಂದ ಬಂದಿದ್ದಾಳೆ. ಮಾತು ಬರಲ್ಲ, ಮೂಗಿ, ಬುದ್ಧೀನೂ ಅಷ್ಟಕ್ಕಷ್ಟೇ. ಆ ಪರದೇಶದವಳಾ? ಮಾರಾಯ್ತಿ ಚಳಿಗಾಲದಲ್ಲೇ ಗಂಟುಮೂಟೆ ಕಟ್ಟಿದ್ಲು. ನನ್ನ ಕುರಿ ಮೇಲೆ ದೂರು ಕೊಟ್ಟವಳು, ಹೋಗಿದ್ದಕ್ಕೆ ನಾನು ಸಕ್ಕರೆ ಹಂಚಿದೀನಿ." ಅವನು ರೋಸ್ವಿತಾಳ ತಿಳಿ ಕಣ್ಣುಗಳನ್ನೇ ನೋಡುತ್ತಿದ್ದ. "ಇವಳು ನಿನ್ನ ತಂಗಿ ಅಂತ ಆಣೆ ಮಾಡ್ತೀಯಾ?" ಎಂದ. "ನಮ್ಮ ಬೆಟ್ಟದಲ್ಲಿ ಎಲ್ಲರ ಕಣ್ಣೂ ಹೀಗೇ. ದೇವರಾಣೆಗೂ ಝೊಹ್ರಾ ನನ್ನ ತಂಗಿ" ಎಂದಳು ಯಮೀನಾ, ಒರಳಿನ ಹಾರೆ ಇನ್ನೂ ಕೈಯಲ್ಲೇ. ಅವರು ಹೋದರು. ಹೆಜ್ಜೆ ಸದ್ದು ಅಡಗಿದ ಮೇಲೂ ಯಮೀನಾ ನಟನೆ ಬಿಡಲಿಲ್ಲ. ಅವಳನ್ನು ಅಡುಗೆಮನೆಯ ನೆಲದ ಮೇಲೆ, ಒಂದು ಕುರಿಚರ್ಮದ ಮೇಲೆ ಕೂರಿಸಿ, ಕೈಗೆ ಚಾಕು ಕೊಟ್ಟು, "ಸಣ್ಣಗೆ ಹೆಚ್ಚು" ಎಂದಳು. ರೋಸ್ವಿತಾ ಹೆಚ್ಚಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಅಷ್ಟು ದಪ್ಪ ಹೆಚ್ತಾರಾ? ಲಖ್ದರ್ ಪಾಪ ಏನು ತಿಂದನೋ" ಎಂದಳು ಯಮೀನಾ. ತಾನು ಕೂತದ್ದು ಯಾವ ಕುರಿಯ ಚರ್ಮದ ಮೇಲೆ ಎಂಬ ಯೋಚನೆ ಆಗಲೂ, ಅಷ್ಟು ನಡುಕದಲ್ಲೂ, ರೋಸ್ವಿತಾಳ ಮನಸ್ಸಿಗೆ ಬಂದು ಹೋಗಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಅಂಗಡಿಯ ಅಮ್ಮಾರ ತನ್ನ ಕೆಲಸದ ಹುಡುಗನಿಗೆ, "ಝೊಹ್ರಾಗೆ ಎರಡು ಕೊಡಪ್ಪಾ" ಎಂದ. ಯಾರು ಯಾರಿಗೆ ಹೇಳಿದರೋ, ಸಂಜೆಯೊಳಗೆ ಇಡೀ ಬೀದಿಯಲ್ಲಿ ಅವಳು ಝೊಹ್ರಾ. ಮಕ್ಕಳು ಕೂಡ ಒಂದು ಸಲವಾದರೂ ತಪ್ಪಿ ಹಳೆಯ ಹೆಸರು ಹಿಡಿಯಲಿಲ್ಲ. ಅವಳ ಅರೇಬಿಕ್ ಚೆನ್ನಾಗಿಯೇ ಇತ್ತು, ಧ್ವನಿಯಲ್ಲಿ ಮಾತ್ರ ರೀಸಾ ಇತ್ತು. ಹಾಗಾಗಿ ಹೊರಗೆ ಬಾಯಿ ಬಿಡುವಂತಿರಲಿಲ್ಲ. ಔಷಧಿ ಅಂಗಡಿಯ ಕೆಲಸ ಬಿಟ್ಟಳು. ಎರಡು ಚಳಿಗಾಲ ಅವಳು ಮೂಗಿಯಾಗಿ ಬದುಕಿದಳು. ಮಾರುಕಟ್ಟೆಯಲ್ಲಿ ಬೆರಳು ತೋರಿಸುವುದು, ತಲೆಯಾಡಿಸುವುದು. ತರಕಾರಿಯವನು ಪಾಪ ಎಂದು ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕುತ್ತಿದ್ದ. ಆ ಸೊಪ್ಪಿನ ಭಾರಕ್ಕೆ ಅವಳ ತಲೆ ಬಗ್ಗುತ್ತಿತ್ತು. ಕರುಣೆಯನ್ನೂ ಕದ್ದು ತಿನ್ನುತ್ತಿದ್ದೇನೆ ಅನಿಸುತ್ತಿತ್ತು. ಊರು ತಣ್ಣಗಾದ ಮೇಲೆ ಒಂದು ದಿನ ಧೈರ್ಯ ಮಾಡಿ ಅವನ ಮುಂದೆ, "ಅರ್ಧ ಕಿಲೋ ಕ್ಯಾರೆಟ್ಟು" ಎಂದಳು. ಅವನು ಎರಡೂ ಕೈ ಮೇಲೆತ್ತಿ, "ದೇವರು ದೊಡ್ಡವನು, ಮೂಗಿಗೆ ಮಾತು ಬಂತು!" ಎಂದು ಕೂಗಿ, ಸುತ್ತಲಿನವರಿಗೆಲ್ಲ ಒಂದೊಂದು ಖರ್ಜೂರ ಹಂಚಿದ. ಅವಳು ನಾಚಿ, ನಿಜ ಹೇಳಿಬಿಡಲೇ ಎಂದು ತೊದಲಿದಾಗ ಬಗ್ಗಿ ಮೆಲ್ಲಗೆ ಹೇಳಿದ: "ನಮಗೇನು ಗೊತ್ತಿರ್ಲಿಲ್ವಾ ಚಿಕ್ಕಮ್ಮ? ನೀವು ಲಖ್ದರನ ಹೆಂಡ್ತಿ, ನನ್ನ ಅಮ್ಮಂಗೆ ಸಕ್ಕರೆ ಕಾಯಿಲೆ ಮಾತ್ರೆ ಕೊಡ್ತಿದ್ದವರು. ಇಡೀ ಮಾರ್ಕೆಟ್ಟಿಗೆ ಗೊತ್ತಿತ್ತು." ಕ್ಯಾರೆಟ್ಟಿನ ಚೀಲ ಹಿಡಿದು ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು. ಅಷ್ಟೊಂದು ಜನ. ಅವರಲ್ಲಿ ಒಬ್ಬನೇ ಒಬ್ಬ ಒಂದು ಮಾತು ಆಡಿದ್ದರೂ ಅವಳು ಉಳಿಯುತ್ತಿರಲಿಲ್ಲ. ಅವಳು, ತಾನು ಮೂಗಿಯ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆಂದು ಒಳಗೊಳಗೇ ಬೀಗಿದ್ದಳು. ನಿಜವಾಗಿ ಪಾತ್ರ ಮಾಡಿದವರು ಅವರು.

"ಮದಾಮ್ ರೋಸ್ವಿತಾ!" ಎಂದು ಬಾಗಿಲಿನಿಂದ ಕೂಗಿದರು. ಒಳಗೆ ಮೇಜಿನ ಹಿಂದೆ ಚಿಕ್ಕ ವಯಸ್ಸಿನ ಹೆಂಗಸು ಕೂತಿದ್ದಳು, ಉಗುರಿಗೆ ಗೋರಂಟಿ. ಅವಳು ಫ್ರೆಂಚ್‌ನಲ್ಲಿ ಶುರು ಮಾಡಿದಳು, ರೋಸ್ವಿತಾ ಅರೇಬಿಕ್‌ನಲ್ಲಿ ಉತ್ತರಿಸಿದಳು, ಅವಳು ಮತ್ತೆ ಫ್ರೆಂಚ್‌ನಲ್ಲೇ, "ನಿಮ್ಮ ಅರೇಬಿಕ್ ಚೆನ್ನಾಗಿದೆ" ಎಂದಳು. ಮೆಚ್ಚುಗೆಯೇ ಅದು, ಆದರೂ ಪ್ರತಿ ಸಲದಂತೆ ಉಗುರಿನ ಸಂದಿಗೆ ಸೂಜಿ ತಾಗಿದಂತಾಯಿತು. ಯಮೀನಾಳಿಗೆ ಕುರ್ಚಿ ಕೊಟ್ಟರು. ಹುಡುಗಿ ಪ್ರಮಾಣ ಮಾಡಿಸಿದಳು, ಯಮೀನಾ ಗಟ್ಟಿಯಾಗಿ, ಹೆಮ್ಮೆಯಿಂದ ಮಾಡಿದಳು.

"ಇವರನ್ನ ಬಲ್ಲಿರಾ ಅಮ್ಮ?"

"ಬಲ್ಲೆ."

"ಹೆಸರು?"

"ಝೊಹ್ರಾ. ಅದೇನೋ ಇನ್ನೊಂದೂ ಇದೆ, ನನ್ನ ಬಾಯಿಗೆ ಬರಲ್ಲ. ಕಾಗದದಲ್ಲಿರೋಳೂ ಇವಳೇ, ಇಲ್ಲಿರೋಳೂ ಇವಳೇ. ಬರ್ಕೋ."

"ನೀವು ಇವರಿಗೆ ಏನಾಗಬೇಕು?"

"ಅಕ್ಕ."

ಹುಡುಗಿಯ ಪೆನ್ನು ನಿಂತಿತು. "ಅಲ್ಲಮ್ಮ, ಇವರು ಜರ್ಮನಿಯಲ್ಲಿ ಹುಟ್ಟಿದವರು. ನೀವು ನೆರೆಮನೆಯವರು ತಾನೆ? ಬಂಧುಗಳು ಸಾಕ್ಷಿ ಹೇಳೋ ಹಾಗಿಲ್ಲ. ಬಂಧು ಅಲ್ಲ, ನೆರೆಯವಳು ಅಂತ ಒಂದು ಮಾತು ಹೇಳಿ, ಬರ್ಕೋತೀನಿ."

"ಅಕ್ಕ ಅಂದೆನಲ್ಲ."

ರೋಸ್ವಿತಾ ಬಗ್ಗಿ, ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ, "ಲಲ್ಲಾ, ಹೇಳಿಬಿಡಿ, ಬರೀ ಕಾಗದಕ್ಕೆ" ಎಂದಳು. "ನೀನು ಸುಮ್ನಿರು, ನಿಂಗೆ ಮಾತು ಬರಲ್ಲ" ಎಂದು ಯಮೀನಾ ಗದರಿದಳು. ಹುಡುಗಿ ಎದ್ದು ಒಳಗಿನಿಂದ ಹಿರಿಯ ಅಧಿಕಾರಿಯನ್ನು ಕರೆತಂದಳು. ನರೆತ ಕೂದಲಿನ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಆತ ರೋಸ್ವಿತಾಳಿಂದ ಹಳೆಯದೆಲ್ಲವನ್ನೂ ಕೇಳಿ, ಮೇಜಿನ ಅಂಚಿಗೆ ಒರಗಿ, ತಾಯಿಯ ಹತ್ತಿರ ಮಾತಾಡುವಂತೆ ಹೇಳಿದ: "ಆ ಕಾಲದಲ್ಲಿ ನೀವು ಏನು ಹೇಳಿದ್ರಿ, ಯಾಕೆ ಹೇಳಿದ್ರಿ ಅಂತ ನಂಗೆ ಅರ್ಥವಾಯ್ತಮ್ಮ. ಅದು ಪುಣ್ಯದ ಸುಳ್ಳು. ದೇವರು ಯಾವತ್ತೋ ಮನ್ನಿಸಿದ್ದಾನೆ. ಈಗ ನಿಜ ಹೇಳಿ. ಇವರು ನಿಮ್ಮ ತಂಗಿ ಅಲ್ಲ."

"ಮೂರು ಜನ ಗಂಡಸರ ಮುಂದೆ ದೇವರ ಮೇಲೆ ಆಣೆ ಇಟ್ಟು ತಂಗಿ ಅಂದಿದ್ದೀನಿ" ಎಂದಳು ಯಮೀನಾ. ದನಿ ಸಣ್ಣದಾಗಿತ್ತು. "ಈಗ ನಿಮ್ಮ ಮುಂದೆ ಅದೇ ದೇವರ ಮೇಲೆ ಆಣೆ ಇಟ್ಟು ಅಲ್ಲ ಅನ್ಬೇಕಾ? ಯಾವುದು ಸುಳ್ಳು ಅಂತ ನಾಳೆ ಅವನು ಕೇಳಿದ್ರೆ?"

"ಒಂದೇ ಒಂದು ಮಾತಮ್ಮ. ಇಲ್ದಿದ್ರೆ ಕಡತ ಹಿಂದಕ್ಕೆ ಹೋಗುತ್ತೆ."

ಯಮೀನಾ ರೋಸ್ವಿತಾಳ ಕಡೆ ತಿರುಗಿದಳು. ಆ ಮಧ್ಯಾಹ್ನ ಮೂವರ ಮುಂದೆ ನಿಂತಾಗಲೂ ಆ ಮುಖದಲ್ಲಿ ಭಯವಿರಲಿಲ್ಲ; ಈಗ ಇತ್ತು. ತನ್ನಿಂದ ಇವಳ ಕೆಲಸ ಕೆಡುತ್ತಿದೆಯೆಂಬ ಭಯ, ಹೇಳಿಬಿಡಬೇಕಾಗುತ್ತದೆಂಬ ಭಯ. ಹಬ್ಬದ ಉಡುಪಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ಇವಳು..." ಎಂದಳು, "ಇವಳು ನಂಗೆ..." ರೋಸ್ವಿತಾ ನೋಡುತ್ತ ನಿಂತಿದ್ದಳು. ಮೇಜಿನ ಮೇಲೆ, ಕೈಯಳತೆಯಲ್ಲಿ, ಸಹಿಯೂ ಮೊಹರೂ ಬಿದ್ದಿದ್ದ ಆ ಕಾಗದವಿತ್ತು. ತಲೆಕೆಳಗಾಗಿ ಕಾಣುತ್ತಿದ್ದ ತನ್ನ ಹೆಸರನ್ನು ಅವಳು ಓದಿಯೂ ಆಗಿತ್ತು. ಮೂರು ವರ್ಷ ಅದಕ್ಕಾಗಿ ಅಲೆದಿದ್ದಳು. ಒಮ್ಮೆಗೇ ಅವಳಿಗೆ ಎಲ್ಲ ಸರಳವಾಯಿತು. ಏನು ಮಾಡಬೇಕೆಂದು ಯೋಚಿಸಲೇ ಇಲ್ಲ.

"ಬೇಡ" ಎಂದಳು. "ಹೇಳಬೇಡಿ ಲಲ್ಲಾ. ಏಳಿ, ಹೋಗೋಣ."

"ಮೇಡಂ, ಮತ್ತೆ ತಿಂಗಳುಗಟ್ಟಲೆ ಆಗಬಹುದು" ಎಂದಳು ಹುಡುಗಿ. ಈ ಸಲ ಅವಳಿಗೇ ತಿಳಿಯದೆ ಅರೇಬಿಕ್‌ನಲ್ಲಿ.

"ಆಗಲಿ. ಬೇರೆ ಸಾಕ್ಷಿ ಕರ್ಕೊಂಡು ಬರ್ತೀನಿ. ಇವರು ನನ್ನ ಬಂಧು, ಇವರು ಹೇಳೋ ಹಾಗಿಲ್ಲ."

ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. ಬಾಗಿಲವರೆಗೆ ಬಂದು ಯಮೀನಾಳ ಚೀಲವನ್ನು ತಾನೇ ಎತ್ತಿಕೊಟ್ಟ. ಕಾರಿಡಾರಿನಲ್ಲಿ ಮೀಸೆಯವನು, "ಸಿಕ್ತಾ ಚಿಕ್ಕಮ್ಮ?" ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಾಗ, "ನೋಡಿ, ಒಳಗೆ ಬರೋದೂ ಕಷ್ಟಾನೇ" ಎಂದ, ನಿಜವಾದ ಮರುಕದಿಂದ.

ಹೊರಗೆ ಬಿಸಿಲು ಏರಿತ್ತು. ಊರ ನಡುವಿನ ಸಾಲುಮರದ ಬೀದಿಯಲ್ಲಿ ಕುರ್ಚಿ ಮೇಜು ಹಾಕಿದ ಅಂಗಡಿಗಳು, ಮರದ ತುಂಬ ಗುಬ್ಬಿಗಳ ಗಲಾಟೆ. ಯಮೀನಾ ಮಂಡಿ ಹಿಡಿದುಕೊಂಡು ಕುಂಟುತ್ತ ನಡೆಯುತ್ತಿದ್ದಳು. ರೋಸ್ವಿತಾ ಅವಳನ್ನು ಒಂದು ನೆರಳಿನ ಮೇಜಿಗೆ ಎಳೆದಳು. "ಅಯ್ಯೋ, ನಾನು ಇಲ್ಲೆಲ್ಲ ಯಾವತ್ತೂ ಕೂತವಳಲ್ಲ, ಗಂಡಸರು ಕೂರೋ ಜಾಗ" ಎಂದಳು ಯಮೀನಾ, ಆದರೂ ಕೂತುಬಿಟ್ಟಳು. ನಿಂಬೆಹಣ್ಣಿನ ಐಸು ಬಂತು. ಅವಳು ಚಮಚವನ್ನು ಮುಟ್ಟಲಿಲ್ಲ. "ಕೆಡಿಸಿಬಿಟ್ಟೆ" ಎಂದಳು. "ಹಬ್ಬದ ಬಟ್ಟೆ ಹಾಕ್ಕೊಂಡು ಬಂದು ಕೆಡಿಸಿಬಿಟ್ಟೆ." ರೋಸ್ವಿತಾ ಏನು ಹೇಳಬೇಕೆಂದು ಹುಡುಕಿದಳು, ಆಶ್ಚರ್ಯವೆಂದರೆ ಗಂಟಲಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ಇಷ್ಟು ವರ್ಷ ಹೇಳಲು ಒದ್ದಾಡಿದ್ದು ಆ ಒಳಕೋಣೆಯಲ್ಲಿ, ಆ ಬೇಡ ಎಂಬ ಒಂದು ಮಾತಿನಲ್ಲಿ ಹೊರಟುಹೋಗಿತ್ತೋ ಏನೋ. ಕಾಗದ ಸಿಕ್ಕದೆ ಹೊರಬಂದವಳಿಗೆ ಇಷ್ಟು ಹಗುರವಾಗಬಾರದಿತ್ತು. ಮುಂದೆ ಅದೂ ಸಿಕ್ಕಿತು. ಚಳಿಗಾಲ ಹಿಡಿಯುವ ಹೊತ್ತಿಗೆ ಅಮ್ಮಾರ ತನ್ನ ಹಿಟ್ಟು ಮೆತ್ತಿದ ಅಂಗಿಯಲ್ಲೇ ಬಂದು, ಬಂಧು ಅಲ್ಲವೇ ಅಲ್ಲ, ಬರೀ ರೊಟ್ಟಿ ಮಾರುವವನು ಎಂದು ಪ್ರಮಾಣ ಮಾಡಿ, ಹತ್ತು ನಿಮಿಷದಲ್ಲಿ ಕೊಡಿಸಿದ. ಅವಳು ಅದನ್ನು ಮಡಚಿ ಚೀಲದಲ್ಲಿಟ್ಟು, ದಾರಿಯಲ್ಲಿ ಮೀನು ಕೊಂಡುಕೊಂಡು ಮನೆಗೆ ಬಂದಳು. ಒಳ್ಳೆಯ ದಿನವೇ. ಆದರೂ ಬೇರ್ಬೆಲ್‌ಗೆ ಫೋನಿನಲ್ಲಿ ಹೇಳುವಾಗ ಅವಳ ಬಾಯಿಗೆ ಬಂದದ್ದು ಆ ಚಳಿಗಾಲದ ದಿನವಲ್ಲ. ಈ ಬಿಸಿಲು, ಈ ಮೇಜು, ಕರಗುತ್ತಿದ್ದ ಈ ಐಸು.

"ಆ ಹುಡುಗಿ ಓದಿದ್ಲಲ್ಲ, ನಿನ್ನ ಹೆಸರು. ಇನ್ನೊಂದು ಸಲ ಹೇಳು" ಎಂದಳು ಯಮೀನಾ.

"ರೋಸ್ವಿತಾ."

"ರೋಜೀತಾ." ಯಮೀನಾ ತಲೆ ಕೊಡವಿದಳು. "ಆಗಲ್ಲ ಬಿಡು." ಚಮಚದಿಂದ ಐಸಿನ ಮೇಲೆ ಗೀರು ಎಳೆಯುತ್ತ ಕೂತಳು. ಆಮೇಲೆ, ಪಕ್ಕದ ಮೇಜಿನವರ ಬಗ್ಗೆ ಹೇಳುವಂತೆ, ಹೇಳಿದಳು: "ನಂಗೆ ಒಬ್ಬ ತಂಗಿ ಇದ್ಲು ಕಣೇ."

ರೋಸ್ವಿತಾ ತನ್ನ ಚಮಚವನ್ನು ಕೆಳಗಿಟ್ಟಳು.

"ಝೊಹ್ರಾ ಅಂತ. ಸ್ವಾತಂತ್ರ್ಯದ ಯುದ್ಧದಲ್ಲಿ ಫ್ರೆಂಚ್ ಸೈನ್ಯದವರು ನಮ್ಮ ಊರನ್ನೆಲ್ಲ ಬೆಟ್ಟದಿಂದ ಕೆಳಗಿಳಿಸಿ ಮುಳ್ಳುತಂತಿ ಒಳಗೆ ಡೇರೆಗಳಲ್ಲಿ ಕೂಡಿಹಾಕಿದ್ರು. ಅಲ್ಲಿ ಜ್ವರ ಬಂತು. ಎಲ್ಲ ಮಕ್ಕಳಿಗೂ ಬಂತು, ನಂಗೂ ಬಂದಿತ್ತು. ನಾನು ಎದ್ದೆ." ಅವಳು ಉಡುಪಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಅಮ್ಮ ನನ್ನ ಕೈಗೇ ಕೊಟ್ಟಿದ್ಲು ಅವಳನ್ನ, ನೋಡ್ಕೋ ಅಂತ. ಎಲ್ಲಿ ಮಣ್ಣು ಮಾಡಿದ್ರೋ, ಈಗ ಆ ಜಾಗದಲ್ಲಿ ರಸ್ತೆ ಇದೆ. ಇದ್ದಿದ್ರೆ ನಿನ್ನ ವಯಸ್ಸೇ. ಆವತ್ತು ಮೆಟ್ಟಿಲ ಮೇಲೆ ನೀನು ಹಾಗೆ ನಿಂತಿದ್ಯಲ್ಲ, ಬಿಳಿಚ್ಕೊಂಡು, ಈರುಳ್ಳಿ ತಬ್ಬಿಕೊಂಡು... ನಾನು ಯಾವ ಹೆಸರೂ ಹುಡುಕ್ಲಿಲ್ಲ. ಬಾಯಿಗೆ ಅದೇ ಬಂತು." ಗುಬ್ಬಿಗಳ ಗದ್ದಲದಲ್ಲಿ ಅವಳ ದನಿ ಮುಳುಗಿ ಮೇಲೆ ಬಂತು. "ಒಂದು ಸಲ ಕೈ ಬಿಟ್ಟಿದ್ದೀನಿ. ಈಗ ಆಫೀಸಿನವರ ಮುಂದೆ ಕೂತು, ಅವಳು ನನ್ನ ತಂಗಿ ಅಲ್ಲ ಅಂತ ನಾನು ಹೆಂಗೆ ಅನ್ಲಿ?"

ರೋಸ್ವಿತಾ ಮೇಜಿನಾಚೆಯಿಂದ ಕೈ ಚಾಚಿ ಆ ಕೈ ಹಿಡಿದುಕೊಂಡಳು. ಐಸಿನ ಬಟ್ಟಲು ಮುಟ್ಟಿ ಮುಟ್ಟಿ ಅದು ತಣ್ಣಗಾಗಿತ್ತು. ಪಕ್ಕದ ಮೇಜಿನಲ್ಲಿ ಯಾರೋ ನಗುತ್ತಿದ್ದರು, ಬಂದರಿನ ಕಡೆಯಿಂದ ಹಡಗೊಂದು ಉದ್ದಕ್ಕೆ ಕೂಗಿತು. ರೋಸ್ವಿತಾ ಕೇಳಿದಳು, "ಹೇಗಿದ್ಲು ಅವಳು?"

ಯಮೀನಾ ಯೋಚಿಸಿದಳು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯಿರಬೇಕು. ಉತ್ತರಕ್ಕೆ ಬಹಳ ಒಳಗೆ ಹೋಗಿ ಬಂದಳು. ಬಂದಾಗ ಮುಖದಲ್ಲಿ ಒಂದು ಸಣ್ಣ ನಗು ಇತ್ತು.

"ಹೇಗಿದ್ಲು? ಹಠಮಾರಿ" ಎಂದಳು. "ಕುರಿ ಕಂಡ್ರೆ ಆಗ್ತಿರ್ಲಿಲ್ಲ. ಹೇಳಿದ ಒಂದು ಮಾತೂ ಕೇಳ್ತಿರ್ಲಿಲ್ಲ." ಚಮಚ ಎತ್ತಿಕೊಂಡು, ನೀರಾಗಿದ್ದ ಐಸನ್ನು ತನ್ನ ಬಟ್ಟಲಿನಿಂದ ರೋಸ್ವಿತಾಳ ಬಟ್ಟಲಿಗೆ ಸುರಿದಳು. "ಕುಡಿ ಬೇಗ. ಬಸ್ಸು ಹೋಗಿಬಿಡುತ್ತೆ."